ಹೊಣೆಯ ಕರ್ತೃ: ಮನೆಯ ವೈದ್ಯನು, ತಜ್ಞವೈದ್ಯನು ಮತ್ತು ಬಾಲಿಂಟರ ಒಂದು ಗ್ರಂಥ

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಗುಲ್ಮರೋಗವನ್ನು ಕುರಿತ ಅಧ್ಯಾಯವೊಂದುಂಟು. ಗುಲ್ಮವು ಪಕ್ವವಾದ ಮೇಲೆ ಮಾಡತಕ್ಕ ಕ್ರಿಯೆಯಲ್ಲಿ ಅಧಿಕಾರವು ಧನ್ವಂತರಿಯ ಸಂಪ್ರದಾಯದವರಿಗೆ, ಎಂದರೆ ಶಸ್ತ್ರವೈದ್ಯರಿಗೆ, ಸೇರಿದ್ದೆಂದು ಗ್ರಂಥಕಾರನು ಅಲ್ಲಿ ಹೇಳಿ ತಾನು ಹಿಂದೆ ಸರಿಯುತ್ತಾನೆ. ಅದೇ ಸ್ಥಾನದಲ್ಲಿ ಮುಂದೆ ಕಣ್ಣಿನ ರೋಗಗಳ ಪ್ರಸ್ತಾಪ ಬಂದಾಗಲೂ, ಪರರ ಅಧಿಕಾರಕ್ಕೆ ಸೇರಿದ ವಿಷಯದಲ್ಲಿ ವಿಸ್ತಾರವಾಗಿ ಮಾತನಾಡುವುದು ಪ್ರಶಸ್ತವಲ್ಲವೆಂದು ಸಂಕ್ಷೇಪವಾಗಿ ಮುಗಿಸಿಬಿಡುತ್ತಾನೆ. ಆಯುರ್ವೇದವು ಎಂಟು ಅಂಗಗಳುಳ್ಳದ್ದೆಂಬುದು ಸರ್ವವಿದಿತವಾದ ಸಂಗತಿ. ನಮ್ಮ ಕನ್ನಡದಲ್ಲಿಯೂ ಕೀರ್ತಿವರ್ಮನು ಗೋವುಗಳ ವೈದ್ಯವನ್ನೇ ಪ್ರತ್ಯೇಕವಾಗಿ ಬರೆದನು. 14ನೆಯ ಶತಮಾನದ ಮಂಗರಾಜನು ವಿಷವೈದ್ಯವೊಂದನ್ನೇ ಹಿಡಿದು ಖಗೇಂದ್ರಮಣಿದರ್ಪಣವೆಂಬ ದೊಡ್ಡ ಗ್ರಂಥವನ್ನು ರಚಿಸಿದನು. ವೈದ್ಯವಿದ್ಯೆಯು ಹಂಚಿಹೋದದ್ದು ಇಂದಿನ ಮಾತಲ್ಲ. ಅದನ್ನು ಕುರಿತು ವಿಲಾಪಿಸುವವರು ಚರಕನ ವಿನಯವನ್ನು ಮರೆತಿದ್ದಾರೆಂದು ಹೇಳಬೇಕಾಗುತ್ತದೆ.

ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ವಿದ್ಯೆಯನ್ನು ಹಂಚಿಕೊಂಡಂತೆ ಹೊಣೆಯನ್ನೂ ಹಂಚಿಕೊಳ್ಳಬಹುದೆ? ಒಬ್ಬ ರೋಗಿಗೆ ಬೇಕಾದ ತಿಳಿವಳಿಕೆಯು ಐವರಲ್ಲಿ ಐದು ಪಾಲಾಗಿದ್ದರೆ, ಐವರೂ ಕೂಡಿದಾಗ ಅದು ಮತ್ತೆ ಪೂರ್ಣವಾದೀತು. ಹೊಣೆಯ ಲೆಕ್ಕ ಹಾಗಲ್ಲ. ಅದನ್ನು ಐದು ಪಾಲು ಮಾಡಿದರೆ ಒಬ್ಬೊಬ್ಬರಲ್ಲಿಯೂ ಐದರಲ್ಲೊಂದು ಉಳಿಯುವುದಿಲ್ಲ. ಅನೇಕ ವೇಳೆ ಯಾರಲ್ಲಿಯೂ ಏನೂ ಉಳಿಯುವುದಿಲ್ಲ. ಈ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಎತ್ತಿ ಆಡಿದ ಗ್ರಂಥವೊಂದು ಲಂಡನ್ನಿನಲ್ಲಿ 1957ರಲ್ಲಿ ಪ್ರಕಟವಾಯಿತು. ಮೈಕೆಲ್ ಬಾಲಿಂಟರು ಬರೆದ ಆ ಗ್ರಂಥದ ಹೆಸರನ್ನು ಕನ್ನಡದಲ್ಲಿ 'ವೈದ್ಯನು, ಅವನ ರೋಗಿ ಮತ್ತು ರೋಗ' ಎಂದು ಹೇಳಬಹುದು. ವೈದ್ಯರು ಇದನ್ನು ತಮ್ಮ ಶಾಸ್ತ್ರದ ಪುಸ್ತಕವೆಂದು ಓದುತ್ತ ಬಂದಿದ್ದಾರೆ. ಸಾಹಿತ್ಯವನ್ನು ಓದಿಸುವ ನಾವೂ ಇದನ್ನು ಓದತಕ್ಕದ್ದೆಂದೂ, ಕಥೆ ಕಾದಂಬರಿಗಳು ಮೊದಲೇ ಕಂಡಿದ್ದ ಒಂದು ದೋಷಕ್ಕೆ ಇದು ಹೆಸರಿಟ್ಟಿತೆಂದೂ, ಆದರೆ ಆ ದೋಷಕ್ಕೆ ಇದು ಹೇಳುವ ಪರಿಹಾರವು ಅರ್ಧ ಮಾತ್ರ ಸರಿಯೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಬಾಲಿಂಟರು ಬುಡಾಪೆಸ್ಟಿನಲ್ಲಿ 1896ರಲ್ಲಿ ಹುಟ್ಟಿದವರು; ತಂದೆಯೂ ವೈದ್ಯರೇ. ಮನೋವಿಶ್ಲೇಷಣೆಯಲ್ಲಿ ಪರಿಶ್ರಮ ಮಾಡಿ, ಯುದ್ಧಕ್ಕೆ ಮುಂಚೆ ಇಂಗ್ಲೆಂಡಿಗೆ ಬಂದು ನೆಲಸಿ, ಲಂಡನ್ನಿನ ಟಾವಿಸ್ಟಾಕ್ ಚಿಕಿತ್ಸಾಲಯದಲ್ಲಿ ಕೆಲಸ ಮಾಡಿದರು; 1970ರಲ್ಲಿ ತೀರಿಕೊಂಡರು. 1948ನೆಯ ಜುಲೈ 5ರಂದು ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ಆರೋಗ್ಯಸೇವೆಯು ಆರಂಭವಾಯಿತಷ್ಟೆ. ಅದರ ಏರ್ಪಾಡಿನಲ್ಲಿ ಪ್ರತಿಯೊಬ್ಬ ಪ್ರಜೆಯ ಹೆಸರೂ ಒಬ್ಬ ಮನೆಯ ವೈದ್ಯನ ಪಟ್ಟಿಯಲ್ಲಿರಬೇಕು. ಆಸ್ಪತ್ರೆಯ ತಜ್ಞನನ್ನು ಕಾಣಬೇಕಾದರೆ ಸಾಮಾನ್ಯವಾಗಿ ಆ ಮನೆಯ ವೈದ್ಯನ ಕಾಗದ ಬೇಕು. ಆಸ್ಪತ್ರೆಯು ತಜ್ಞನ ಪಾಲಿಗೂ ಬೀದಿಯು ಮನೆಯ ವೈದ್ಯನ ಪಾಲಿಗೂ ಬಂದವು. ಈ ಏರ್ಪಾಡು ಎರಡು ವರ್ಷ ನಡೆಯುವಷ್ಟರಲ್ಲಿ ಬಾಲಿಂಟರು ಮನೆಯ ವೈದ್ಯರನ್ನು ವಾರಕ್ಕೊಮ್ಮೆ ಕೂಡಿಸಿಕೊಂಡು, ಅವರವರ ರೋಗಿಗಳ ವೃತ್ತಾಂತವನ್ನು ಅವರವರ ಬಾಯಿಂದಲೇ ಹೇಳಿಸತೊಡಗಿದರು. ಗ್ರಂಥಕ್ಕೆ ಆಧಾರವಾದ ಮುಖ್ಯ ಗೋಷ್ಠಿಯಲ್ಲಿ 14 ಮಂದಿ ಮನೆಯ ವೈದ್ಯರಿದ್ದರು. ಹಸ್ತಪ್ರತಿಯ ಟಿಪ್ಪಣಿಗಳನ್ನು ಪಕ್ಕಕ್ಕಿಟ್ಟು ನೆನಪಿನಿಂದ ಹೇಳುವುದು ಅಲ್ಲಿಯ ಪದ್ಧತಿಯಾಗಿತ್ತು. ಹೇಳುವವನು ಎಲ್ಲಿ ತಡವರಿಸಿದನು, ಯಾವುದನ್ನು ಮರೆತನು, ಯಾವುದನ್ನು ಎರಡು ಸಲ ಹೇಳಿದನು ಎಂಬುದನ್ನು ಕೇಳುವವರು ಗಮನಿಸುತ್ತಿದ್ದರು. ಇದು ರೋಗನಿದಾನಕ್ಕಿಂತ ಹೆಚ್ಚಾಗಿ ಪಾಠವಿಮರ್ಶೆಗೆ ಹತ್ತಿರವಾದ ಕೆಲಸವೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಆ ವೃತ್ತಾಂತಗಳಲ್ಲಿ ಮತ್ತೆಮತ್ತೆ ಒಂದೇ ಆಕಾರವು ಕಾಣಿಸಿತು. ರೋಗಿಯ ಕಷ್ಟವೇನೆಂಬುದು ಮನೆಯ ವೈದ್ಯನಿಗೆ ಸ್ಪಷ್ಟವಾಗುವುದಿಲ್ಲ. ಅವನು ಒಬ್ಬ ತಜ್ಞನಿಗೆ ಬರೆಯುತ್ತಾನೆ. ತಜ್ಞನು ತನ್ನ ಅಂಗವನ್ನು ಪರೀಕ್ಷಿಸಿ, ಅಲ್ಲಿ ದೋಷವಿಲ್ಲವೆಂದು ಹೇಳಿ, ಇನ್ನೊಬ್ಬ ತಜ್ಞನನ್ನು ಸೂಚಿಸುತ್ತಾನೆ. ಎರಡನೆಯವನು ಸಣ್ಣದೊಂದು ದೋಷವನ್ನು ಕಂಡು ಅದಕ್ಕೆ ಚಿಕಿತ್ಸೆಯನ್ನು ಹೇಳುತ್ತಾನೆ. ಮುಖ್ಯವಾದ ಕಷ್ಟವು ಹಾಗೆಯೇ ಉಳಿಯುತ್ತದೆ. ಈ ನಡುವೆ ರೋಗಿಯ ಜೀವನವನ್ನೇ ಬದಲಾಯಿಸುವಂಥ ನಿರ್ಣಯಗಳು ಹೇಗೋ ಆಗಿಹೋಗಿರುತ್ತವೆ. ಶಸ್ತ್ರಕ್ರಿಯೆ ನಡೆದಿರುತ್ತದೆ, ಅಥವಾ ನಡೆಯಬೇಕಾದದ್ದು ನಿಂತಿರುತ್ತದೆ. ನಿರ್ಣಯವನ್ನು ಮಾಡಿದವರು ಯಾರು ಎಂದು ಕೇಳಿದರೆ ಮನೆಯ ವೈದ್ಯನು ತಜ್ಞನ ಕಡೆಗೂ, ತಜ್ಞನು ತಾನು ಸಲಹೆ ಮಾತ್ರ ಕೊಟ್ಟೆನೆಂದು ಮನೆಯ ವೈದ್ಯನ ಕಡೆಗೂ ಬೆರಳು ತೋರುತ್ತಾರೆ. ಇದಕ್ಕೆ ಬಾಲಿಂಟರು ಇಟ್ಟ ಹೆಸರು ಇಂಗ್ಲಿಷಿನಲ್ಲಿ ಪ್ರಸಿದ್ಧವಾಗಿದೆ. ಕನ್ನಡಿಸುವಾಗ ನಾವು ಸ್ವಲ್ಪ ತಡೆದು ಯೋಚಿಸಬೇಕು. 'ಅನಾಮಿಕರ ಒಳಸಂಚು' ಎಂದರೆ ದುರುದ್ದೇಶವು ಧ್ವನಿಸುತ್ತದೆ. ಬಾಲಿಂಟರು ಹೇಳುವುದು ದುರುದ್ದೇಶವನ್ನಲ್ಲ. ಅಲ್ಲಿ ಎಲ್ಲರೂ ಸಜ್ಜನರು, ಎಲ್ಲರೂ ದುಡಿಯುವವರು. ಯಾರ ಹೆಸರೂ ಮುಂದೆ ಬಾರದಂತೆ, ಬಾಯಿ ಬಿಟ್ಟು ಹೇಳದೆಯೇ, ಎಲ್ಲರೂ ಒಪ್ಪಿ ನಡೆಯುವ ಒಂದು ಸೌಜನ್ಯವದು. 'ಅನಾಮಿಕತೆಯ ಒಡಂಬಡಿಕೆ' ಎಂಬುದು ಮೂಲದ ಅರ್ಥಕ್ಕೆ ಹತ್ತಿರವೆಂದು ನಮಗೆ ತೋರುತ್ತದೆ.

ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇದು ಕರ್ತೃವಿಲ್ಲದ ಕ್ರಿಯೆ. ಕರ್ಮಣಿಪ್ರಯೋಗವು ಕನ್ನಡದ ಜಾಯಮಾನಕ್ಕೆ ಒಗ್ಗುವುದಿಲ್ಲವೆಂದು ನಮ್ಮ ಪಂಡಿತರು ಬಹುಕಾಲದಿಂದ ಹೇಳುತ್ತಿದ್ದಾರೆ. ಮನೆಯಲ್ಲಿ ಯಾರೂ 'ಅನ್ನವು ಬಡಿಸಲ್ಪಟ್ಟಿತು' ಎನ್ನುವುದಿಲ್ಲ. ಬಡಿಸಿದವಳು ಅಮ್ಮನೋ ಅತ್ತಿಗೆಯೋ ಗೊತ್ತಿರುತ್ತದೆ. ಕಛೇರಿಯ ಕನ್ನಡದಲ್ಲಾದರೋ 'ಪರಿಶೀಲಿಸಲಾಗಿದೆ', 'ಸೂಚಿಸಲಾಗಿದೆ', 'ಕ್ರಮ ಕೈಗೊಳ್ಳಲಾಗುವುದು' ಎಂಬ ರೂಪಗಳು ಬಂದು ಕುಳಿತವು. ಆಸ್ಪತ್ರೆಯ ಕಾಗದಗಳ ಭಾಷೆಯೂ, ಅದು ಇಂಗ್ಲಿಷಾಗಿರಲಿ ಕನ್ನಡವಾಗಿರಲಿ, ಇದೇ ಮನೆತನದ್ದು.

ಕಾದಂಬರಿಕಾರರು ಇದನ್ನು ಯಾವ ಕ್ರಮದಲ್ಲಿ ಕಂಡುಕೊಂಡರೆಂಬುದು ಕುತೂಹಲಕರವಾಗಿದೆ. ಜಾರ್ಜ್ ಎಲಿಯಟಳ 'ಮಿಡ್ಲ್‌ಮಾರ್ಚ್' 1871-72ರಲ್ಲಿ ಹೊರಬಂದರೂ ಅದರ ಕಥೆ ನಡೆಯುವುದು 1830ರ ಸುಮಾರಿನಲ್ಲಿ. ಅಲ್ಲಿ ಫ್ರೆಡ್ ವಿನ್ಸಿಗೆ ಜ್ವರ ಬರುತ್ತದೆ. ಮನೆಯ ವೈದ್ಯನಾದ ರೆಂಚನು ಹಗುರವಾದ ಕಾಯಿಲೆಯೆಂದು ಔಷಧ ಕಳುಹಿಸುತ್ತಾನೆ. ದಾರಿಯಲ್ಲಿ ಹೋಗುತ್ತಿದ್ದ ತರುಣ ವೈದ್ಯ ಲಿಡ್‌ಗೇಟನನ್ನು ಮನೆಯವರು ಕರೆದಾಗ ಅವನು ವಿಷಮಶೀತಜ್ವರವೆಂದು ಗುರುತಿಸುತ್ತಾನೆ. ರೆಂಚನಿಗೆ ಸಿಟ್ಟು ಬಂದು ಅವನು ಆ ಮನೆಯನ್ನೇ ಬಿಡುತ್ತಾನೆ. ಊರಿನ ವೈದ್ಯರಲ್ಲಿ ಪಕ್ಷಗಳಾಗುತ್ತವೆ. ಈ ಜಗಳವು ನೋಡಲು ಕ್ಷುದ್ರವಾದರೂ ಅದರಲ್ಲಿ ಒಂದು ಗುಣವುಂಟು: ರೋಗಿಯು ತನ್ನವನೆಂದು ಇಬ್ಬರೂ ಹೇಳುತ್ತಿದ್ದಾರೆ. ಅಭಿಮಾನಕ್ಕೋ ಹಣಕ್ಕೋ ಇರಬಹುದು, ಆದರೂ ಹೊಣೆಯನ್ನು ಕಿತ್ತುಕೊಳ್ಳುವ ಜಗಳವದು. ಬಾಲಿಂಟರ ಕಾಲಕ್ಕೆ ಬರುವಾಗ ಜಗಳವು ನಿಂತುಹೋಗಿದೆ. ವೈದ್ಯರು ಪರಸ್ಪರ ಬಹಳ ಮರ್ಯಾದೆಯಿಂದ ಬರೆದುಕೊಳ್ಳುತ್ತಾರೆ. ರೋಗಿಯನ್ನು ತನ್ನವನೆನ್ನುವವರು ಕಾಣುವುದಿಲ್ಲ.

ಈ ಎರಡಕ್ಕೂ ನಡುವೆ ಟಾಲ್‌ಸ್ಟಾಯನ 'ಇವಾನ್ ಇಲ್ಯಿಚನ ಮರಣ' ನಿಲ್ಲುತ್ತದೆ. 1886ರ ಈ ನೀಳ್ಗತೆಯನ್ನು ಸಾಮಾನ್ಯವಾಗಿ ಮರಣದ ಧ್ಯಾನವೆಂದು ಪಾಠ ಹೇಳುವುದು ವಾಡಿಕೆ. ಅದು ತಪ್ಪಲ್ಲ, ಆದರೆ ಅದರ ನಡುಭಾಗವನ್ನು ವೈದ್ಯರ ನಾಟಕವಾಗಿ ಓದುವುದೂ ಅಷ್ಟೇ ಅವಶ್ಯ. ಇವಾನ್ ಇಲ್ಯಿಚನು ನ್ಯಾಯಾಧಿಕಾರಿ. ಪಕ್ಕೆಯಲ್ಲಿ ನೋವು ಬಂದು ಪ್ರಸಿದ್ಧನಾದ ವೈದ್ಯನೊಬ್ಬನಲ್ಲಿಗೆ ಹೋಗುತ್ತಾನೆ. ಅಲ್ಲಿ ಕಾಯಿಸುವ ರೀತಿ, ಕೇಳುವ ಪ್ರಶ್ನೆ, ಮುಖದ ಗಾಂಭೀರ್ಯ, ಎಲ್ಲವೂ ತಾನು ನ್ಯಾಯಾಲಯದಲ್ಲಿ ಆಪಾದಿತರ ಮುಂದೆ ತೋರಿಸುತ್ತಿದ್ದಂಥದೇ ಎಂಬುದು ಅವನಿಗೆ ಹೊಳೆಯುತ್ತದೆ. ಮೂತ್ರಪಿಂಡವು ಜಾರಿದೆಯೋ, ಕರುಳಿನ ಬಾಲದಲ್ಲಿ ದೋಷವೋ ಎಂಬುದು ವೈದ್ಯನ ಪ್ರಶ್ನೆ. ನನಗೆ ಅಪಾಯವುಂಟೋ ಇಲ್ಲವೋ ಎಂಬುದು ರೋಗಿಯ ಪ್ರಶ್ನೆ. ಎರಡನೆಯದು ವೈದ್ಯನ ದೃಷ್ಟಿಯಲ್ಲಿ ಅಪ್ರಸ್ತುತವಾದ ಪ್ರಶ್ನೆ. ಅದನ್ನು ಕೇಳಿದವನು ಸಾಕ್ಷಿಯ ಕಟಕಟೆಯಲ್ಲಿ ಮಿತಿ ಮೀರಿ ಮಾತನಾಡಿದವನಂತೆ ಮೌನವಾಗಬೇಕಾಗುತ್ತದೆ. ಆಮೇಲೆ ಇನ್ನೊಬ್ಬ ಪ್ರಸಿದ್ಧ ವೈದ್ಯ, ಸ್ನೇಹಿತನ ಸ್ನೇಹಿತನಾದ ಮತ್ತೊಬ್ಬ, ಒಬ್ಬ ಹೋಮಿಯೋಪಥಿಯವನು. ಒಬ್ಬೊಬ್ಬರ ನಿದಾನವೂ ಬೇರೆ.

ಕಥೆಯ ಕೊನೆಗೆ ಹತ್ತಿರವಾದಾಗ ಮನೆಯ ವೈದ್ಯನೂ ತಜ್ಞನೂ ಒಂದೇ ದಿನ ಬರುವ ಸನ್ನಿವೇಶವಿದೆ. ನಮ್ಮ ವಿಷಯಕ್ಕೆ ಇದೇ ಮುಖ್ಯ. ರೂಢಿಯಾಗಿ ಬರುವ ವೈದ್ಯ ಮಿಖಾಯಿಲ್ ದನೀಲೊವಿಚನು ಪುಷ್ಟನಾಗಿ ಲವಲವಿಕೆಯಿಂದ ಬಂದು, ಕೈ ಬೆಚ್ಚಗೆ ಮಾಡಿಕೊಂಡು, ಹೇಗಿದ್ದೀರಿ ಎಂದು ಕೇಳುತ್ತಾನೆ. ಆಮೇಲೆ ಹೆಂಡತಿಯ ಒತ್ತಾಯದ ಮೇಲೆ ಕರೆಸಿದ ಪ್ರಸಿದ್ಧ ತಜ್ಞನು ಬರುತ್ತಾನೆ. ಇಬ್ಬರೂ ಸೇರಿ ರೋಗಿಯ ಎದುರಿನಲ್ಲಿಯೂ ಪಕ್ಕದ ಕೋಣೆಯಲ್ಲಿಯೂ ಮೂತ್ರಪಿಂಡವನ್ನು ಕರುಳಿನ ಬಾಲವನ್ನು ಕುರಿತು ಗಂಭೀರವಾಗಿ ಸಂಭಾಷಿಸುತ್ತಾರೆ. ಆ ಎರಡು ಅಂಗಗಳು ತಮ್ಮ ಕರ್ತವ್ಯವನ್ನು ಸರಿಯಾಗಿ ಮಾಡದ ನೌಕರರೋ ಎಂಬಂತೆ ಟಾಲ್‌ಸ್ಟಾಯನು ಇದನ್ನು ಚಿತ್ರಿಸಿದ್ದಾನೆ. ಅಪರಾಧಿಗಳು ಅವೆರಡೇ, ವೈದ್ಯರಿಬ್ಬರೂ ಅವುಗಳ ಮೇಲೆ ಕ್ರಮ ಕೈಗೊಳ್ಳತಕ್ಕ ಅಧಿಕಾರಿಗಳು. ಗುಣವಾಗುವ ಸಂಭವವುಂಟೆ ಎಂದು ರೋಗಿಯು ಕೇಳಿದಾಗ ತಜ್ಞನು ಖಾತರಿ ಹೇಳಲಾರೆನು, ಸಂಭವವೇನೋ ಇದೆ ಎನ್ನುತ್ತಾನೆ. ಈ ಸನ್ನಿವೇಶದಲ್ಲಿ ಒಂದು ಸೂಕ್ಷ್ಮವಿದೆ. ತಜ್ಞನು ಬಂದದ್ದರಿಂದ ಮನೆಯ ವೈದ್ಯನು ಬಿಡುಗಡೆಯನ್ನು ಹೊಂದಿದನು. ಮನೆಯ ವೈದ್ಯನು ಇರುವುದರಿಂದ ತಜ್ಞನೂ ಬಿಡುಗಡೆಯನ್ನು ಹೊಂದಿದನು. ಒಬ್ಬನೇ ಇದ್ದಿದ್ದರೆ ಉತ್ತರ ಕೊಡಬೇಕಾಗುತ್ತಿತ್ತು. ಸಾಯುತ್ತಿರುವವನ ಕಾಲುಗಳನ್ನು ರಾತ್ರಿಯೆಲ್ಲ ತನ್ನ ಹೆಗಲ ಮೇಲೆ ಇಟ್ಟುಕೊಂಡು ಕುಳಿತವನು ಗೆರಾಸಿಮನೆಂಬ ಹಳ್ಳಿಯ ಸೇವಕ. ಅವನಿಗೆ ಯಾವ ಅಂಗವನ್ನೂ ಕುರಿತ ವಿದ್ಯೆಯಿಲ್ಲ. ಇಡೀ ಮನೆಯಲ್ಲಿ ಸುಳ್ಳು ಹೇಳದವನು ಅವನೊಬ್ಬನೇ.

ಬಾಲಿಂಟರ ಗ್ರಂಥಕ್ಕೆ 70 ವರ್ಷ ಮೊದಲೇ ಅನಾಮಿಕತೆಯ ಒಡಂಬಡಿಕೆಯ ಪೂರ್ಣಚಿತ್ರ ಇಲ್ಲಿದೆ. ವ್ಯತ್ಯಾಸವೆಂದರೆ, ಟಾಲ್‌ಸ್ಟಾಯನಿಗೆ ವೈದ್ಯರಲ್ಲಿ ನಂಬಿಕೆಯಿರಲಿಲ್ಲ. ಆದುದರಿಂದ ಅವನು ಪರಿಹಾರವನ್ನು ವೈದ್ಯದ ಹೊರಗೆ, ಗೆರಾಸಿಮನಲ್ಲಿ, ಹುಡುಕಿದನು. ಬಾಲಿಂಟರಿಗೆ ಅದು ಸಾಲದು. ಗೆರಾಸಿಮನ ಕೆಲಸವನ್ನು ವೈದ್ಯನೇ ಮಾಡಬೇಕು, ವಿದ್ಯೆಯನ್ನು ಬಿಡದೆ ಮಾಡಬೇಕು ಎಂಬುದು ಅವರ ಪಕ್ಷ.

ಕ್ರೋನಿನ್ನನ 'ದಿ ಸಿಟಡೆಲ್' ಕಾದಂಬರಿಯನ್ನು (1937) ಕುರಿತು ಇಲ್ಲಿ ಬಹಳ ಹೇಳಬೇಕಾಗಿಲ್ಲ. ಸ್ವತಃ ವೇಲ್ಸಿನ ಗಣಿಯ ಊರುಗಳಲ್ಲಿ ವೈದ್ಯನಾಗಿದ್ದ ಲೇಖಕನು ಲಂಡನ್ನಿನ ಸಿರಿವಂತರ ವೈದ್ಯರು ಒಬ್ಬರನ್ನೊಬ್ಬರು ಸಮಾಲೋಚನೆಗೆ ಕರೆಸಿಕೊಂಡು ಹಣವನ್ನು ಹಂಚಿಕೊಳ್ಳುವುದನ್ನು ಅದರಲ್ಲಿ ಚೆನ್ನಾಗಿ ಬಯಲಿಗೆಳೆದಿದ್ದಾನೆ. ನಾಯಕ ಮ್ಯಾನ್ಸನನು ತನ್ನನ್ನು ನಂಬಿದ ವಿಡ್ಲರನೆಂಬ ರೋಗಿಯನ್ನು ಐವರಿಯೆಂಬ ಶಸ್ತ್ರವೈದ್ಯನ ಕೈಗೆ ಒಪ್ಪಿಸುತ್ತಾನೆ. ಐವರಿಯ ಅಕೌಶಲದಿಂದ ವಿಡ್ಲರನು ಮೇಜಿನ ಮೇಲೆಯೇ ಸಾಯುತ್ತಾನೆ. ಐವರಿಯನ್ನು ಮ್ಯಾನ್ಸನನು ಕೊಲೆಗಾರನೆಂದು ಬೈಯುವ ಸನ್ನಿವೇಶ ಆವೇಶಭರಿತವಾಗಿದೆ. ಆದರೆ ಕಾದಂಬರಿಯ ಉತ್ತಮಾಂಶವು ಅದಲ್ಲ. ಒಪ್ಪಿಸಿದವನು ತಾನು ಎಂಬುದನ್ನು ಮ್ಯಾನ್ಸನನು ಮರೆಯಲಾರದೆ ಹೋಗುತ್ತಾನಲ್ಲ, ಅದು. ಉಳಿದಂತೆ ಕ್ರೋನಿನ್ನನು ದೋಷವನ್ನು ದುಷ್ಟರ ಮೇಲೆ ಹೊರಿಸಿ ನಿಶ್ಚಿಂತನಾದನು. ಬಾಲಿಂಟರ ಸಜ್ಜನರ ಲೋಕವು ಇದಕ್ಕಿಂತ ಹೆಚ್ಚು ಭಯಂಕರ.

ಈ ಒಡಂಬಡಿಕೆಗೆ ಕಾರಣವನ್ನು ಹುಡುಕುವಾಗ ಬಾಲಿಂಟರು ಹೇಳುವ ಮಾತು ಅಧ್ಯಾಪಕರಾದ ನಮ್ಮನ್ನು ನೇರವಾಗಿ ತಾಗುತ್ತದೆ. ಮನೆಯ ವೈದ್ಯನು ಒಂದು ಕಾಲಕ್ಕೆ ಆಸ್ಪತ್ರೆಯಲ್ಲಿ ವಿದ್ಯಾರ್ಥಿಯಾಗಿದ್ದವನು. ಅಲ್ಲಿ ಅವನಿಗೆ ಕಲಿಸಿದವರು ತಜ್ಞರು. ಇಪ್ಪತ್ತು ವರ್ಷ ಸ್ವತಂತ್ರವಾಗಿ ವೃತ್ತಿ ನಡೆಸಿದ ಮೇಲೂ ತಜ್ಞನ ಮುಂದೆ ಅವನು ಶಿಷ್ಯನೇ. ರೋಗಿಯ ಮನೆ, ಮಕ್ಕಳು, ಸಾಲ, ಹಿಂದಿನ ಶೋಕ ಎಲ್ಲವನ್ನೂ ತಾನು ಬಲ್ಲನು, ತಜ್ಞನು ಬಲ್ಲವನಲ್ಲ. ಆದರೂ ತಜ್ಞನ ಅಭಿಪ್ರಾಯವನ್ನು ಬದಿಗಿಡುವ ಧೈರ್ಯ ಅವನಿಗಿಲ್ಲ. ಇತ್ತ ತಜ್ಞನಿಗೆ ಗುರುವಿನ ಪೀಠದಿಂದ ಇಳಿದು 'ನನಗೆ ತಿಳಿಯದು' ಎನ್ನುವ ಸ್ವಾತಂತ್ರ್ಯವಿಲ್ಲ. ಆದುದರಿಂದ ಬಾಲಿಂಟರು ಪಾತ್ರಗಳನ್ನು ತಿರುಗಿಸುತ್ತಾರೆ: ತಜ್ಞನು ಮನೆಯ ವೈದ್ಯನಿಗೆ ಗುರುವಲ್ಲ, ನಿಪುಣನಾದ ಸಹಾಯಕನು, ಹೊಣೆಯು ಒಡೆಯದೆ ಮನೆಯ ವೈದ್ಯನಲ್ಲಿಯೇ ಉಳಿಯತಕ್ಕದ್ದು. ಮನೆಯ ವೈದ್ಯನು ಕೊಡುವ ಔಷಧಗಳಲ್ಲೆಲ್ಲ ಅತಿ ಹೆಚ್ಚಾಗಿ ಬಳಕೆಯಾಗುವುದು ವೈದ್ಯನೇ, ಆದರೆ ಈ ಔಷಧದ ಪ್ರಮಾಣವನ್ನು ದುಷ್ಪರಿಣಾಮಗಳನ್ನು ತಿಳಿಸುವ ನಿಘಂಟು ಇಲ್ಲ ಎಂಬ ಅವರ ಪ್ರಸಿದ್ಧ ವಿಚಾರವೂ ಇಲ್ಲಿಂದಲೇ ಹುಟ್ಟಿದ್ದು. ವರ್ಷಗಟ್ಟಲೆ ಒಬ್ಬರನ್ನೊಬ್ಬರು ಕಂಡ ವೈದ್ಯನೂ ರೋಗಿಯೂ ಒಟ್ಟಿಗೆ ಬಂಡವಾಳ ಹೂಡಿದ ಪಾಲುದಾರರಂತೆ ಎಂದೂ ಅವರು ಹೇಳುತ್ತಾರೆ.

ಇಲ್ಲಿಯವರೆಗೆ ನಮಗೆ ಸಮ್ಮತವೇ. ಮುಂದೆ ಎರಡು ಆಕ್ಷೇಪಗಳಿವೆ, ಮೊದಲನೆಯದು ಸಣ್ಣದು. ಗ್ರಂಥದ ತುಂಬ ರೋಗಿಗಳು ತುಂಬಿದ್ದಾರೆ, ಆದರೆ ಅವರ ಧ್ವನಿಯು ನಮಗೆ ಕೇಳಿಸುವುದು ವೈದ್ಯರ ಬಾಯಿಯಿಂದ. ಕಥೆಯನ್ನು ಹೇಳುವವನು ವೈದ್ಯ, ಕೇಳುವವರು ವೈದ್ಯರು, ಟೀಕೆ ಮಾಡುವವರು ಬಾಲಿಂಟರು. ಇವಾನ್ ಇಲ್ಯಿಚನ ಪ್ರಶ್ನೆಯು ಆ ಗೋಷ್ಠಿಗೆ ಬಂದಿದ್ದರೂ ಮನೆಯ ವೈದ್ಯನ ಕಷ್ಟವಾಗಿಯೇ ಬರುತ್ತಿತ್ತು. ಶಾಸ್ತ್ರಗ್ರಂಥಕ್ಕೆ ಇದು ಸಹಜವೆಂದು ಬಿಡಬಹುದು. ಕನ್ನಡದಲ್ಲಿ 'ರಾಶಿ'ಯವರ, ಎಂದರೆ ವೈದ್ಯ ಎಂ. ಶಿವರಾಂ ಅವರ, 'ಮನಮಂಥನ'ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ, ವೈದ್ಯನ ಅನುಭವವೂ ಸಾಹಿತ್ಯವೆಂದು ನಾವು ಒಪ್ಪಿದೆವು. ಆ ಬಗೆಯ ಬರವಣಿಗೆಯನ್ನು ಧ್ವನಿಯ ದೃಷ್ಟಿಯಿಂದ ವಿಮರ್ಶಿಸುವ ಕೆಲಸ ಮಾತ್ರ ಇನ್ನೂ ಬಾಕಿಯಿದೆ.

ಎರಡನೆಯ ಆಕ್ಷೇಪವು ದೊಡ್ಡದು. ಒಡೆಯದ ಹೊಣೆಯನ್ನು ಒಬ್ಬನ ಮೇಲೆ ಇಡಬೇಕಾದರೆ ಆ ಒಬ್ಬನು ಇರಬೇಕು, ಮತ್ತು ಅವನು ಅದನ್ನು ಹೊರಬಲ್ಲವನಾಗಿರಬೇಕು. ಹೊರುವುದರ ಬೆಲೆಯೇನೆಂಬುದನ್ನು ಜಾನ್ ಬರ್ಜರನು 1967ರಲ್ಲಿ ಪ್ರಕಟಿಸಿದ 'ಎ ಫಾರ್ಚುನೇಟ್ ಮ್ಯಾನ್' ಎಂಬ ಪುಸ್ತಕದಲ್ಲಿ ಓದಬಹುದು. ಇಂಗ್ಲೆಂಡಿನ ಕಾಡಂಚಿನ ಹಳ್ಳಿಗಳಲ್ಲಿ ಏಕಾಕಿಯಾಗಿ ದುಡಿದ ಒಬ್ಬ ಮನೆಯ ವೈದ್ಯನ ಚಿತ್ರವದು. ಬರ್ಜರನು ಅವನನ್ನು ಸಾಸಲ್ ಎಂದು ಕರೆದಿದ್ದಾನೆ. ಬಾಲಿಂಟರು ಬಯಸಿದ ವೈದ್ಯನು ಅವನೇ ಎನ್ನುವಷ್ಟು ಅವನು ತನ್ನ ರೋಗಿಗಳಿಗೆ ಒಡೆಯದೆ ಸೇರಿದವನು. ಆ ವೈದ್ಯನು 1982ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಅದಕ್ಕೆ ಹೊಣೆಯ ಭಾರವೊಂದೇ ಕಾರಣವೆಂದು ಹೇಳುವ ಅಧಿಕಾರ ನಮಗಿಲ್ಲ. ಆದರೂ ಆ ಪುಸ್ತಕದ ಹೆಸರನ್ನು ಇಂದು ಮೊದಲಿನಂತೆ ಓದಲಾಗುವುದಿಲ್ಲ.

ಒಬ್ಬನು ಇರಬೇಕೆಂದೆವಲ್ಲ, ಆ ಮಾತಿಗೆ ಬರೋಣ. ಬಾಲಿಂಟರ ಪರಿಹಾರವು 1948ರ ಪಟ್ಟಿಯ ಮೇಲೆ ನಿಂತಿದೆ. ನಮ್ಮ ದೇಶದ ಪಟ್ಟಣಗಳಲ್ಲಿ ಅಂಥ ಪಟ್ಟಿಯಿಲ್ಲ. ಎದೆ ನೋವಾದರೆ ಎದೆಯವರಲ್ಲಿಗೆ, ಮಂಡಿ ನೋವಾದರೆ ಮೂಳೆಯವರಲ್ಲಿಗೆ ನಾವೇ ಹೋಗುತ್ತೇವೆ. ಯಾರ ಕಾಗದವೂ ಬೇಡ. ಅನಾಮಿಕತೆಯ ಒಡಂಬಡಿಕೆಯು ಇಲ್ಲಿ ಬೇರೊಂದು ರೂಪವನ್ನು ತಾಳುತ್ತದೆ. ಇಂಗ್ಲೆಂಡಿನಲ್ಲಿ ಹೊಣೆಯು ಇಬ್ಬರು ವೈದ್ಯರ ನಡುವಿನ ಸಂದಿಯಲ್ಲಿ ಬಿದ್ದುಹೋದರೆ, ಇಲ್ಲಿ ಕಡತವನ್ನು ಹಿಡಿದುಕೊಂಡು ಹಿಂದೆ ನಡೆಯುವ ನಂಟನ ಕೈಗೆ ಬೀಳುತ್ತದೆ. ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕನು ಎಣಿಸಿದಾಗ ವೈದ್ಯ, ಔಷಧ, ರೋಗಿ ಇವರೊಡನೆ ಉಪಚಾರ ಮಾಡುವವನನ್ನೂ ಒಂದು ಪಾದವಾಗಿ ಎಣಿಸಿದನು; ಆದರೆ ನಾಲ್ಕರಲ್ಲಿ ಪ್ರಧಾನನು ವೈದ್ಯನೆಂಬುದನ್ನು ಒತ್ತಿ ಹೇಳಿದನು. ಉಪಚಾರಕನು ಪ್ರಧಾನನಾಗುವ ದಿನ ಬರುವುದೆಂದು ಅವನು ಊಹಿಸಿರಲಾರನು.

ಸ್ವಂತದ ಮಾತೊಂದನ್ನು ವಾಚಕರು ಕ್ಷಮಿಸಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಿರಿಯರೊಬ್ಬರಿಗೆ ಕಾಲು ಬಾತು ಉಸಿರು ಕಟ್ಟುತ್ತಿತ್ತು. ಹೃದಯದ ತಜ್ಞರು ನೀರಿಳಿಯುವ ಮಾತ್ರೆಯನ್ನು ದಿನಕ್ಕೆ ಎರಡು ಎಂದು ಬರೆದರು. ಮೂತ್ರಪಿಂಡದ ತಜ್ಞರು ರಕ್ತಪರೀಕ್ಷೆಯ ಕಾಗದವನ್ನು ನೋಡಿ, ಇದು ಹೆಚ್ಚಾಯಿತು, ಅವರನ್ನೊಮ್ಮೆ ಕೇಳಿ ಎಂದರು. ಕೇಳಿದರೆ ಅವರು, ಎದೆಗೆ ಅದು ಬೇಕೇ ಬೇಕು, ಮೂತ್ರಪಿಂಡದ ಮಾತನ್ನು ಇವರನ್ನೇ ಕೇಳಿ ಎಂದರು. ಇಬ್ಬರೂ ವಿದ್ವಾಂಸರು, ಇಬ್ಬರೂ ಒಂದೇ ಕಟ್ಟಡದಲ್ಲಿ ಕುಳಿತವರು, ಇಬ್ಬರೂ ನನ್ನೊಡನೆ ಸೌಜನ್ಯದಿಂದ ಮಾತನಾಡಿದರು. ಅಂದು ರಾತ್ರಿ ಪಂಪನನ್ನು ಪಾಠ ಹೇಳುವ ನಾನು ಅಡಿಗೆಮನೆಯ ದೀಪದ ಕೆಳಗೆ ನಿಂತು ಆ ಮಾತ್ರೆಯನ್ನು ಅರ್ಧಕ್ಕೆ ಮುರಿದೆನು. ಹಿರಿಯರು ಆ ಬಾರಿ ಚೇತರಿಸಿಕೊಂಡರು. ಮಾತ್ರೆಯ ವಿಷಯವನ್ನು ಮತ್ತೆ ಯಾರೂ ಎತ್ತಲಿಲ್ಲ.

ಚರಕನ ಉದರರೋಗದ ಅಧ್ಯಾಯದಲ್ಲಿ ಒಂದು ವಿಧಿಯಿದೆ. ಉಳಿದ ಚಿಕಿತ್ಸೆಗಳೆಲ್ಲ ಸೋತು ಅಪಾಯಕರವಾದ ಕ್ರಿಯೆಯೊಂದೇ ಉಳಿದಾಗ, ವೈದ್ಯನು ರೋಗಿಯ ನಂಟರನ್ನು, ಮಿತ್ರರನ್ನು, ಹೆಂಡತಿಯನ್ನು, ಗುರುಹಿರಿಯರನ್ನು, ದೊರೆಯನ್ನು ಕೇಳಿ ಅನುಮತಿ ಪಡೆಯಬೇಕು. ಮಾಡದಿದ್ದರೆ ಸಾವು ನಿಶ್ಚಯ, ಮಾಡಿದರೆ ಸಂದೇಹ ಎಂಬುದನ್ನು ತಾನೇ ಬಾಯಿ ಬಿಟ್ಟು ಹೇಳಬೇಕು. ಇಲ್ಲಿ ನಂಟರಿಗೆ ಸ್ಥಾನವಿದೆ, ಆದರೆ ನಿರ್ಣಯದ ಭಾರವು ಅವರ ಮೇಲೆ ಜಾರಿಲ್ಲ. ಸಂದೇಹವನ್ನು ಉಚ್ಚರಿಸುವವನು ಕ್ರಿಯೆಯನ್ನು ಮಾಡುವವನೇ. ಬಾಲಿಂಟರ ಗೋಷ್ಠಿಯಲ್ಲಿ ವೈದ್ಯನೊಬ್ಬನು ತನ್ನ ಸಮಾನರೆದುರು ನೆನಪಿನಿಂದ ಹೇಳುವ 'ನಾನು ಕಳುಹಿಸಿದೆ, ನಾನು ತಡೆದೆ' ಎಂಬ ವಾಕ್ಯಕ್ಕೂ ಇದಕ್ಕೂ ದೂರದ ನಂಟುಂಟು. ಆ ಹಿರಿಯರನ್ನು ಆಸ್ಪತ್ರೆಗೆ ಸೇರಿಸಿದ ದಿನ ನಾನು ರುಜು ಹಾಕಿದ ಅಚ್ಚಿನ ಕಾಗದವು ಇನ್ನೂ ನನ್ನಲ್ಲಿದೆ. ಎಲ್ಲ ಅಪಾಯಗಳನ್ನೂ ರೋಗಿಯ ಕಡೆಯವರಿಗೆ ಅವರ ಭಾಷೆಯಲ್ಲಿ ವಿವರಿಸಲಾಗಿದೆ ಎಂದು ಅದರಲ್ಲಿದೆ. ವಿವರಿಸಿದವರು ಯಾರೆಂಬುದಕ್ಕೆ ಆ ವಾಕ್ಯದಲ್ಲಿ ಸ್ಥಳವಿಲ್ಲ.